ನೋಡೋ ತಿಂಗಳು

ದನಗಳ ಓಣಿಗೆ ಯಾವ ಹೊಸ ಮೇವು ಬಂದರೂ ಅದು ಮೊದಲು ರುಚಿಯಕ್ಕನ ನಾಲಿಗೆ ದಾಟಬೇಕು, ಆಮೇಲೆ ದನದ ಬಾಯಿ. ಹಿಂಡಿಯೋ ಬೂಸಾವೋ ಕಾಳಿನ ಹೊಟ್ಟೋ, ವ್ಯಾಪಾರಿ ಮೂಟೆ ಬಿಚ್ಚಿದ ಕೂಡಲೇ ಯಾರಾದರೂ ಓಡಿಹೋಗಿ ಅವಳನ್ನು ಕರೆತರುತ್ತಿದ್ದರು. ಅವಳು ಬರುವುದು, ಚಿಟಿಕೆ ಎತ್ತಿ ಬಾಯಿಗೆ ಹಾಕಿಕೊಳ್ಳುವುದು, ಕಣ್ಣು ಮುಚ್ಚಿ ದವಡೆ ಆಡಿಸುವುದು, ಪಕ್ಕಕ್ಕೆ ಉಗುಳುವುದು. "ಮರದ ಪುಡಿ ಬೆರೆಸಿದ್ದಾನೆ, ಕಳ್ಳ ನನ್ಮಗ" ಅಂದಳೋ, ಆ ವ್ಯಾಪಾರಿ ಮತ್ತೆ ಆ ಓಣಿಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅಂಥ ನಾಲಿಗೆ ಅದು. ಅವಳ ಗಂಡ ಬದುಕಿದ್ದಾಗ, "ಆ ನಾಲಿಗೆ ಮೇವಿಗೆ ಮಾತ್ರ ಅಂತ ನೀವೆಲ್ಲ ತಿಳ್ಕೊಂಡಿದ್ದೀರಿ, ಮನೆಗೆ ಬಂದು ನೋಡಿ" ಎನ್ನುತ್ತಿದ್ದ.

ನಾಲಿಗೆ ಒಪ್ಪಿತು ಅಂದ ಮಾತ್ರಕ್ಕೆ ಮುಗಿಯುತ್ತಿರಲಿಲ್ಲ. ಒಪ್ಪಿದ ಮೇವು ಒಂದು ತಿಂಗಳು ಅವಳ ಕೊಟ್ಟಿಗೆಯ ದನಗಳಿಗೆ ಮಾತ್ರ. ಓಣಿಯವರು ಅದನ್ನು ನೋಡೋ ತಿಂಗಳು ಅನ್ನುತ್ತಿದ್ದರು. ಹಾಲು ಹೇಗೆ, ಸಗಣಿ ಹೇಗೆ, ಮೈ ಹೇಗೆ, ಎಲ್ಲ ನೋಡಿ, ತಿಂಗಳು ತುಂಬಿದ ದಿನ ಅವಳು ಬಾಗಿಲಲ್ಲಿ ನಿಂತು "ಹಾಕಿ" ಅಂದರೆ ಹಾಕುವುದು, "ಬೇಡ" ಅಂದರೆ ಬಿಡುವುದು. ಓಣಿಯ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಒಂದೋ ಎರಡೋ ಹಸು. ಒಂದು ಹಸುವಿನ ಮನೆಗೆ ಪರೀಕ್ಷೆ ಮಾಡಿ ನೋಡುವ ಐಷಾರಾಮ ಎಲ್ಲಿಂದ ಬರಬೇಕು? ಆದ್ದರಿಂದ ಈ ಏರ್ಪಾಡು. ಅವಳ ಅತ್ತೆಯ ಕಾಲದಿಂದ ನಡೆದು ಬಂದದ್ದು, ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಓಣಿಯ ಕೊನೆಯ ಗೋಡೆಯಾಚೆ ಎಥನಾಲ್ ಕಾರ್ಖಾನೆ ಎದ್ದಾಗ ಮೊದಲು ಎಲ್ಲರೂ ಬೈದರು. ಹಗಲಿಡೀ ಲಾರಿ, ಮೆಕ್ಕೆಜೋಳದ ಧೂಳು, ಹೊಗೆ. ಲಾರಿಗಟ್ಟಲೆ ಜೋಳ ಒಳಗೆ ಹೋಗುತ್ತಿತ್ತು. ಅದನ್ನು ಬೀಸಿ, ಬೇಯಿಸಿ, ಹುಳಿಯೆಬ್ಬಿಸಿ, ಭಟ್ಟಿ ಇಳಿಸಿ ಸ್ಪಿರಿಟ್ ತೆಗೆದು, ಪೆಟ್ರೋಲಿಗೆ ಬೆರೆಸಲು ಟ್ಯಾಂಕರಿನಲ್ಲಿ ಕಳಿಸುತ್ತಿದ್ದರು. ತಳದಲ್ಲಿ ಉಳಿಯುವ ಕಂದು ಬಣ್ಣದ ಒದ್ದೆ ರಾಶಿಗೆ ಓಣಿಯವರು ಗಸಿ ಎಂದು ಹೆಸರಿಟ್ಟರು. ಅದನ್ನು ಒಣಗಿಸುವ ಯಂತ್ರ ಇನ್ನೂ ಬಂದಿರಲಿಲ್ಲ. ಹಸಿ ಗಸಿ ನಾಲ್ಕು ದಿನ ಕೂತರೆ ಬೂಷ್ಟು ಹಿಡಿದು ಗಬ್ಬೆದ್ದು ನಾರುತ್ತಿತ್ತು. ಅದನ್ನು ದಿನವೂ ಖಾಲಿ ಮಾಡಿಸುವ ಕೆಲಸಕ್ಕೆ ಒಬ್ಬ ಬೇಕಾಗಿದ್ದ. ಆ ಕೆಲಸ ಸಿಕ್ಕಿದ್ದು ರುಚಿಯಕ್ಕನ ಮಗನಿಗೆ.

ಆ ಮಗನ ಕಥೆ ಏನು ಹೇಳೋಣ! ಅಂಗಡಿ ಇಟ್ಟ, ಮುಚ್ಚಿತು. ವ್ಯಾನು ಓಡಿಸಿದ, ಗುದ್ದಿದ. ಕೋಳಿ ಸಾಕಿದ, ನಾಯಿ ತಿಂದಿತು. ಕೈಯಿಟ್ಟಲ್ಲೆಲ್ಲ ಬೂದಿ. ಹೆಂಡತಿ ಅವನ ಜೊತೆ ಮಾತಾಡುವುದನ್ನೇ ಕಡಿಮೆ ಮಾಡಿದ್ದಳು. ಈಗ ನೋಡಿದರೆ ನೀಲಿ ಅಂಗಿ, ಜೇಬಿನಲ್ಲಿ ಪೆನ್ನು, ಕೈಕೆಳಗೆ ಒಂದು ಟ್ರ್ಯಾಕ್ಟರು. ಊಟಕ್ಕೆ ಕೂತಾಗ ಬೆನ್ನು ನೆಟ್ಟಗಿರುತ್ತಿತ್ತು, ಸೊಸೆ ಒಳಗಿನಿಂದ ನಗುತ್ತಾ ಏನೋ ಕೇಳುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇಲ್ಲಿ ಹೆಗ್ಗಣವೇ ಮನುಷ್ಯನಾಗಿ ಎದ್ದು ನಿಂತಿತ್ತು. ತಾಯಿಗೆ ಹೇಗಾಗಿರಬೇಡ?

"ಅಮ್ಮ, ಓಣಿಯವರು ಗಸಿ ತಗೊಂಡ್ರೆ ನನ್ನ ಕೆಲಸ ಕಾಯಂ ಅಂದಿದ್ದಾರೆ ಮ್ಯಾನೇಜರು. ರಾಶಿ ಕೊಳೆತ್ರೆ ಮೊದಲು ನನ್ನನ್ನೇ ಎತ್ತಿ ಹೊರಗೆ ಹಾಕೋದು" ಎಂದು ಮಗ ಮೊದಲ ಟ್ರಾಲಿ ತಂದ ದಿನವೇ ಹೇಳಿದ.

"ನನ್ನ ನಾಲಿಗೆ ಮಗ ಅಂತ ಮುಖ ನೋಡಲ್ಲ. ಸರಿಯಿದ್ರೆ ಸರಿ, ಇಲ್ಲದಿದ್ರೆ ಇಲ್ಲ" ಅಂದಳು ರುಚಿಯಕ್ಕ. ಅಂದವಳು ಬಗ್ಗಿ, ಇನ್ನೂ ಹಬೆಯಾಡುತ್ತಿದ್ದ ರಾಶಿಯಿಂದ ಒಂದು ಚಿಟಿಕೆ ಎತ್ತಿ ಬಾಯಿಗಿಟ್ಟಳು. ಓಣಿಗೆ ಓಣಿಯೇ ನೋಡುತ್ತಿತ್ತು. ಸ್ವಲ್ಪ ಹುಳಿ, ಸ್ವಲ್ಪ ಒಗರು, ಹಿಂದಿನಿಂದ ಬೇಯಿಸಿದ ಜೋಳದ ಸಿಹಿ. ಕಲ್ಲಿಲ್ಲ, ಮಣ್ಣಿಲ್ಲ, ಎಣ್ಣೆಯ ಜಿಡ್ಡು ನಾಲಿಗೆಗೆ ಹಿತವಾಗಿ ಅಂಟುತ್ತಿತ್ತು. ಅವಳ ಮುಖ ಅರಳಿದ್ದನ್ನು ಎಲ್ಲರೂ ಕಂಡರು. "ಜೀವ ಇದೆ ಇದ್ರಲ್ಲಿ" ಅಂದಳು. ಉಗುಳುವುದನ್ನು ಮರೆತು ನುಂಗಿಯೇಬಿಟ್ಟಳು.

ದನಗಳಂತೂ ಹಗ್ಗ ಹರಿದುಕೊಂಡು ಬಂದವು. ಗೋದಲಿಗೆ ಬುಟ್ಟಿ ಬಗ್ಗಿಸುವ ಮೊದಲೇ ಮೂತಿ ತೂರಿಸಿ, ಕೊನೆಗೆ ಗೋದಲಿಯ ಕಲ್ಲನ್ನೂ ನೆಕ್ಕಿ ಫಳಫಳ ಮಾಡಿದವು. ಒಂದೇ ವಾರಕ್ಕೆ ಹಾಲು ಏರಿತು. ಎರಡನೆಯ ವಾರಕ್ಕೆ ಮೈ ಮಿಂಚತೊಡಗಿತು. ಎಲ್ಲಕ್ಕಿಂತ ಮುಂದು ಮಚ್ಚೆ. ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ ಆ ಹಸು ರುಚಿಯಕ್ಕನ ಕೈಯಲ್ಲೇ ಹುಟ್ಟಿದ್ದು. ತಾಯಿ ಸತ್ತಾಗ ಬೆರಳು ಚೀಪಿಸಿ ಹಾಲು ಕುಡಿಸಿ ಬೆಳೆಸಿದ್ದು. ಅವಳ ದನಿ ಕೇಳಿದರೆ ಸಾಕು, ಕೆಚ್ಚಲಿಗೆ ಹಾಲು ಇಳಿದು ಸೊರೆ ಬಿಡುತ್ತಿತ್ತು. ಅದಕ್ಕೆ ದಿನಕ್ಕೊಂದು ಬುಟ್ಟಿ ಜಾಸ್ತಿ ಬೀಳುತ್ತಿತ್ತು, ಕೇಳುವವರು ಯಾರು?

ಓಣಿಯವರಿಗೆ ತಡೆಯಲಾಗಲಿಲ್ಲ. ಚೌಕಾಸಿ ಚಿಕ್ಕಪ್ಪ ಎಂದು ಎಲ್ಲರೂ ಕರೆಯುವ ಪಕ್ಕದ ಮನೆಯವನು ಬೇಲಿ ಹಿಡಿದು ನಿಂತ. "ರುಚಿಯಕ್ಕ, ತಿಂಗಳು ಅಂದ್ರೆ ಮೂವತ್ತು ದಿನವೇ ಆಗ್ಬೇಕಾ? ಇಪ್ಪತ್ತಕ್ಕೆ ಮಾತು ಮುಗಿಸ್ಕೊಳ್ಳೋಣ. ನಿಮ್ಗೂ ಬೇಡ, ನಂಗೂ ಬೇಡ."

"ನಿನ್ನ ಹೆಂಡತಿ ಬಸುರಿಯಾಗಿದ್ದಾಗ್ಲೂ ಹೀಗೇ ಚೌಕಾಸಿ ಮಾಡಿದ್ಯೇನಪ್ಪ, ಆರು ತಿಂಗಳಿಗೆ ಕೊಟ್ಬಿಡು ಅಂತ?" ಅಂದಳು ಅವಳು. ಓಣಿ ನಕ್ಕಿತು. ಅವಳೊಂದಿಗೆ ಹಾಗೆ ಮನಸಾರೆ ನಗುವುದಕ್ಕೆ ಅದೇ ಕೊನೆಯ ದಿನ ಅಂತ ಯಾರಿಗೆ ಗೊತ್ತಿತ್ತು?

ಮಚ್ಚೆ ಮರುದಿನ ಮೆಲುಕು ಹಾಕಲಿಲ್ಲ. ಕಿವಿ ಪಟಪಟ ಅದುರುತ್ತಿತ್ತು, ನೊಣ ಇರಲಿಲ್ಲ. ಹಲ್ಲು ಕಡಿಯುವ ಸದ್ದು. ರುಚಿಯಕ್ಕ ಕೊರಳು ಸವರಿ, "ಏನಮ್ಮಾ, ಸುಸ್ತಾಯ್ತಾ? ಅಷ್ಟೊಂದು ಹಾಲು ಕೊಟ್ರೆ ಸುಸ್ತಾಗ್ದೆ ಏನಾಗುತ್ತೆ?" ಅಂದಳು. ಸುಸ್ತಾದ ದನಕ್ಕೆ ಒಳ್ಳೆಯ ಮೇವು ಹೆಚ್ಚು ಹಾಕಬೇಕು; ಹುಟ್ಟಿದಾಗಿನಿಂದ ಅವಳು ನೋಡಿದ್ದು, ಮಾಡಿದ್ದು ಅದನ್ನೇ. ಹುಲ್ಲು ಸರಿಸಿ ಎರಡು ಬುಟ್ಟಿ ಗಸಿ ಸುರಿದಳು. ಮಚ್ಚೆ ಮೊದಲು ಮೂಸಿ ಸುಮ್ಮನಿತ್ತು. ಅವಳು ಕೈಯಲ್ಲಿ ಹಿಡಿದು ಬಾಯಿಗೆ ತುರುಕಿದಾಗ ತಿಂದಿತು. ಪಾಪ, ಅವಳ ಕೈ ಅಲ್ಲವೇ, ತಿನ್ನದೆ ಇರುತ್ತದೆಯೇ? ಅದು ತೇಗಿದಾಗ ಕೊಳೆತ ಮೊಟ್ಟೆಯ ನಾತ ಮೂಗಿಗೆ ಬಡಿಯಿತು. ಬೋರ್‌ವೆಲ್ ನೀರೂ ಹಾಗೇ ನಾರುತ್ತಿತ್ತು, ಓಣಿಯ ಮೂಗಿಗೆ ಆ ನಾತ ಹೊಸದಲ್ಲ.

ಎರಡು ದಿನ ಹೀಗೇ ತುರುಕಿದಳು. ಮೂರನೆಯ ದಿನ ನೀರಿಗೆ ಬಿಟ್ಟಾಗ ಮಚ್ಚೆ ಬಾಗಿಲ ಕಂಬಕ್ಕೆ ನೇರವಾಗಿ ಹೋಗಿ ಗುದ್ದಿತು. ಹಿಂದೆ ಸರಿಯಿತು. ಮತ್ತೆ ಅದೇ ಕಂಬಕ್ಕೆ ಗುದ್ದಿತು. ಆಮೇಲೆ ಕತ್ತನ್ನು ಮೇಲಕ್ಕೆತ್ತಿ, ಸೂರಿನಲ್ಲಿ ಏನೋ ಕಂಡಂತೆ ನೋಡುತ್ತಾ ನಿಂತುಬಿಟ್ಟಿತು. ರುಚಿಯಕ್ಕ ಅದರ ಕಣ್ಣ ಮುಂದೆ ಕೈ ಆಡಿಸಿದಳು. ರೆಪ್ಪೆ ಮಿಟುಕಲಿಲ್ಲ. ಕಣ್ಣುಗಳು ಮಾತ್ರ ತೊಳೆದಿಟ್ಟ ಗಾಜಿನಂತೆ ಹೊಳೆಯುತ್ತಿದ್ದವು. ಅವಳು ಒಳಗೆ ಓಡಿ ಫೋನು ಎತ್ತಿದಳು.

ದನದ ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದಳು. ಹತ್ತೂರು ತಿರುಗುವ ಹುಡುಗಿ, ಬೂಟಿಗೆ ಯಾವಾಗಲೂ ಸಗಣಿ. ಟಾರ್ಚು ಹಿಡಿದು ನೋಡಿದಳು, ಗೋದಲಿ ನೋಡಿದಳು, ನೀರಿನ ತೊಟ್ಟಿಗೆ ಬಗ್ಗಿ ಮೂಸಿದಳು.

"ಕಣ್ಣಿಗೇನೂ ಆಗಿಲ್ಲಮ್ಮ. ಮಿದುಳಲ್ಲಿ ನೋಡೋ ಜಾಗ ಕೆಟ್ಟಿದೆ. ಎಷ್ಟು ಹಾಕ್ತಿದ್ದೀರಿ ಈ ಗಸಿ?"

"ತಿಂದಷ್ಟು."

ಡಾಕ್ಟರಮ್ಮ ತಲೆ ಚಚ್ಚಿಕೊಂಡಳು. "ಕಾರ್ಖಾನೇಲಿ ಜೋಳ ಹುಳಿಯೆಬ್ಬಿಸೋಕೆ, ಪೈಪು ತೊಳೆಯೋಕೆ ಗಂಧಕದ ಆಸಿಡ್ ಬಳಸ್ತಾರೆ. ಹಿಟ್ಟೆಲ್ಲ ಸ್ಪಿರಿಟ್ ಆಗಿ ಹೋಗುತ್ತೆ, ಮಿಕ್ಕಿದ್ದು ಗಸೀಲಿ ಮೂರು ಪಟ್ಟು ಗಟ್ಟಿಯಾಗಿ ಕೂರುತ್ತೆ. ಒಳ್ಳೇದೂ ಮೂರು ಪಟ್ಟು, ಕೆಟ್ಟದ್ದೂ ಮೂರು ಪಟ್ಟು. ನಿಮ್ಮ ನೀರಲ್ಲೂ ಗಂಧಕ. ಅದೆಲ್ಲ ದನದ ಹೊಟ್ಟೇಲಿ ಗಾಳಿಯಾಗುತ್ತೆ, ತೇಗಿದಾಗ ಅದೇ ಗಾಳೀನ ಒಳಗೆಳ್ಕೊಳ್ಳುತ್ತೆ. ಹುಲ್ಲಿನ ಜೊತೆ ಸ್ವಲ್ಪ ಹಾಕಿದ್ರೆ ಬಂಗಾರದಂಥ ಮೇವು ಇದು. ನೀವು ಹಾಕಿರೋದು ಬುಟ್ಟಿ ಬುಟ್ಟಿ."

"ನಾನು ಬಾಯಿಗೆ ಹಾಕ್ಕೊಂಡು ನೋಡಿದ್ದೀನಿ ತಾಯಿ! ನುಂಗಿದ್ದೀನಿ!"

"ಗಂಧಕ ಇಷ್ಟು ಕಡಿಮೆ ಇದ್ರೆ ನಾಲಿಗೆಗೆ ಸಿಗಲ್ಲಮ್ಮ. ಯಾರ ನಾಲಿಗೆಗೂ ಸಿಗಲ್ಲ."

ಈ ಮಾತು ಕೆನ್ನೆಗೆ ಹೊಡೆದ ಹಾಗಾಯಿತು. ಡಾಕ್ಟರಮ್ಮ ಸೂಜಿ ಚುಚ್ಚುತ್ತಾ ಹೇಳಿದಳು: ಕಿವಿ ಅದುರುವ ದಿನವೇ, ಮೆಲುಕು ನಿಂತ ದಿನವೇ ಚುಚ್ಚಿದರೆ ದನ ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ. ತಡವಾದರೆ ಜೀವ ಉಳಿದರೂ ಕಣ್ಣು ಬರುವುದಿಲ್ಲ. ಮಚ್ಚೆಗೆ ತಡವಾಗಿತ್ತು. ಮೂಲೆಯಲ್ಲಿದ್ದ ಕರಿ ಹಸುವಿನ ಕಿವಿ ಆಗಷ್ಟೇ ಅದುರಲು ಶುರುವಾಗಿತ್ತು; ಅದಕ್ಕೂ ಚುಚ್ಚಿದಳು. "ಗಸಿ ನಿಲ್ಲಿಸಿ. ಓಣಿಯವರನ್ನೆಲ್ಲ ಕರೀರಿ, ಈಗ್ಲೇ ಹೇಳಿ ಹೋಗ್ತೀನಿ."

"ಬೇಡ ತಾಯಿ, ನಾನೇ ಹೇಳ್ತೀನಿ. ಅವ್ರು ನನ್ನ ಮಾತು ಕೇಳ್ತಾರೆ." ರುಚಿಯಕ್ಕ ಹುಡುಗಿಯ ಕೈ ಹಿಡಿದುಕೊಂಡಳು. "ಹೇಗೂ ನೋಡೋ ತಿಂಗಳು. ನನ್ನ ಕೊಟ್ಟಿಗೆ ಬಿಟ್ರೆ ಇನ್ಯಾರೂ ಹಾಕ್ತಿಲ್ಲ."

ಅದು ನಿಜವೇ ಆಗಿತ್ತು, ಆ ಹೊತ್ತಿಗೆ. ಕರಿ ಹಸು ಮರುದಿನವೇ ಮೆಲುಕು ಹಾಕಿತು, ಹುಲ್ಲಿಗೆ ಬಾಯಿ ಹಾಕಿತು. ಸೂಜಿ ಸುಳ್ಳು ಹೇಳಿರಲಿಲ್ಲ.

ಮಗನಿಗೆ ಅವಳು ಎಲ್ಲ ಹೇಳಿದಳು. ಅವನ ಬೆನ್ನು ಮೆಲ್ಲಗೆ ಬಗ್ಗಿತು, ಹಳೆಯ ಮಗ ಮತ್ತೆ ಮುಖದಲ್ಲಿ ಇಣುಕಿದ. "ಅಮ್ಮ, ಪೈಪು ತೊಳೆಯೋದನ್ನ ಬದಲಾಯಿಸ್ತಾರಂತೆ, ಹೊಸ ಬ್ಯಾಚು ಬರ್ಲಿ. ತಿಂಗಳು ತುಂಬೋವರೆಗೆ ಬಾಯಿ ಬಿಡ್ಬೇಡ. ಈಗ ನೀನು ಬೇಡ ಅಂದ್ರೆ ನಾಳೆ ಬೆಳಗ್ಗೆ ನಾನು ಅಂಗಿ ಬಿಚ್ಚಿಟ್ಟು ಬರ್ಬೇಕು. ಮತ್ತೆ ಈ ಮನೇಲಿ ಕೂತು ಏನ್ಮಾಡ್ಲಿ, ಹೇಳು?"

ಒಳಗೆ ಸೊಸೆ ಏನೋ ಹಾಡು ಗುನುಗುತ್ತಿದ್ದಳು.

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ಬಿಡದಿದ್ದರೆ ಏನು ಗೇಡು ಅಂತ ಯಾರೂ ಹೇಳುವುದಿಲ್ಲ. ಮಗನ ಕೆಲಸ ಒಂದು ಕಡೆ. ಇನ್ನೊಂದು ಕಡೆ, ಒಪ್ಪಿಕೊಳ್ಳಲು ಅವಳಿಗೇ ನಾಚಿಕೆಯಾಗುವಂಥದ್ದು: ನಾಲಿಗೆ ತಪ್ಪಿತು ಎಂದು ಚೌಕಾಸಿಯ ಮುಂದೆ ಹೇಳುವುದು ಹೇಗೆ? ಈ ಓಣಿಯಲ್ಲಿ ಅವಳು ಇನ್ನೇನು? ಗಂಡ ಸತ್ತ ಒಬ್ಬ ಹೆಂಗಸು, ಒಂದಿಷ್ಟು ಹಸು. ಆ ನಾಲಿಗೆಯಿಂದಲೇ ಅವಳು ರುಚಿಯಕ್ಕ. ಹೇಗೂ ತಿಂಗಳು ತುಂಬಲು ಸ್ವಲ್ಪವೇ ದಿನ, ಆಗ ಹೇಳಿದರಾಯಿತು, ಅಲ್ಲಿಯವರೆಗೆ ಯಾರಿಗೇನು ನಷ್ಟ ಎಂದು ತನಗೆ ತಾನೇ ಹೇಳಿಕೊಂಡಳು. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಬೂದಿ ಅಂತ ತಟ್ಟಿಕೊಂಡಳು.

ಕೊಟ್ಟಿಗೆಯ ಬಾಗಿಲು ಮುಚ್ಚಿತು. ಮುಂದಿನ ದಿನಗಳಲ್ಲೂ ಟ್ರ್ಯಾಕ್ಟರು ಬಂದು ಅವಳ ಬಾಗಿಲಲ್ಲಿ ಗಸಿ ಸುರಿಯುತ್ತಿತ್ತು, ಓಣಿಯವರು ನೋಡುತ್ತಿದ್ದರು. ಅವಳು ಬುಟ್ಟಿ ತುಂಬಿ ಒಳಗೆ ಒಯ್ದು, ಹಿಂಬಾಗಿಲಿನಿಂದ ಗೊಬ್ಬರದ ಗುಂಡಿಗೆ ಸುರಿದು, ಮೇಲೆ ಸಗಣಿ ಮುಚ್ಚುತ್ತಿದ್ದಳು. ಎಂದೂ ಮುಚ್ಚದ ಬಾಗಿಲು ಯಾಕೆ ಮುಚ್ಚಿದೆ ಎಂದು ಓಣಿಯ ಸುದ್ದಿಯನ್ನೆಲ್ಲ ಹೊತ್ತು ತಿರುಗುವ ರೇಡಿಯೋ ಅಜ್ಜಿ ಕೇಳಿದ್ದಕ್ಕೆ, "ಹೆಚ್ಚು ಹಾಲು ಕೊಡೋ ಹಸುಗಳಿಗೆ ಗಾಳಿ ಆಗಲ್ಲ ಅಜ್ಜಿ" ಅಂದಳು. ಅಜ್ಜಿ ಆ ಮಾತಿಗೆ ಬಾಲ ಅಂಟಿಸಿ ಓಣಿಗೆಲ್ಲ ಹಂಚಿದಳು: ಒಳಗೆ ಹಾಲಿನ ಹೊಳೆಯೇ ಹರಿಯುತ್ತಿದೆ, ಕಣ್ಣು ಬೀಳುತ್ತದೆ ಅಂತ ಮುಚ್ಚಿಟ್ಟಿದ್ದಾಳೆ!

ಒಂದು ಮಧ್ಯಾಹ್ನ ತಮ್ಮ ಬಂದ. ಒಡಹುಟ್ಟಿದ ತಮ್ಮ, ಅವ್ವ ಹಾಸಿಗೆ ಹಿಡಿದಾಗ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಓಣಿಯ ಆ ಕೊನೆಗೆ ಮನೆ, ಮನೆಗೊಂದೇ ಹಸು, ಹೆಂಡತಿಗೆ ದಿನ ತುಂಬುತ್ತಾ ಬಂದಿತ್ತು. ಮಾತು ಕಡಿಮೆ, ಅಕ್ಕ ಹಾಕಿದ ಗೆರೆ ದಾಟದವನು. ಬಾಗಿಲ ಹೊರಗೇ ಕೂತ.

"ಅಕ್ಕಾ, ಗಸಿ ಚೆನ್ನಾಗಿದೆಯಲ್ವಾ? ಮಗು ಬಂದ್ಮೇಲೆ ಹಾಲು ಒಂಚೂರು ಜಾಸ್ತಿ ಆದ್ರೆ ಅನುಕೂಲ. ಅದ್ಕೇ ಕೇಳ್ದೆ."

ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಯಾವುದಿತ್ತು? ಬೇರೆ ಯಾರೂ ಇರಲಿಲ್ಲ. ಬಾಗಿಲ ಆ ಬದಿಯಲ್ಲಿ ಮಚ್ಚೆ ಗೋಡೆಗೆ ಹಣೆ ಒತ್ತಿ ನಿಂತಿತ್ತು, ಗೊರಸು ಕೆರೆಯುವ ಸದ್ದು ಇಬ್ಬರಿಗೂ ಕೇಳುತ್ತಿತ್ತು. ರುಚಿಯಕ್ಕ ಬಾಯಿ ತೆರೆದಳು. "ತಿಂಗಳು ತುಂಬ್ಲಿ ಬಿಡೋ" ಅಂದಳು. ಇನ್ನೂ ಏನೋ ಹೇಳಬೇಕೆಂದು ಹೊರಟು, "ನಿನ್ನ ಹೆಂಡತೀನ ಬಿಸಿಲಲ್ಲಿ ಓಡಾಡಿಸ್ಬೇಡ" ಅಂದಳು.

"ಹೂಂ" ಅಂದು ಅವನು ಎದ್ದು ಹೋದ. ಆ ಹೊತ್ತು ಅವಳ ಮೇಲೆ ಅವಳಿಗೇ ಅಸಹ್ಯವಾಯಿತು. ಆದರೂ ಎದ್ದು ಅವನನ್ನು ಕರೆಯಲಿಲ್ಲ.

ಅದಾದ ಮೇಲೆ ಓಣಿಯಲ್ಲಿ ಏನೋ ಬದಲಾಯಿತು. ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಬೇಯಿಸಿದ ಜೋಳದ ಬಿಸಿ ವಾಸನೆ ಬರುತ್ತಿತ್ತು, ಅವಳ ಬಾಗಿಲಿಗೆ ಟ್ರ್ಯಾಕ್ಟರು ಬರುವ ಮೊದಲೇ. ಕಾರ್ಖಾನೆಯ ಕಡೆಯ ಗಾಳಿ ಅಂದುಕೊಂಡಳು. ಎಲೆ ಅಲುಗುತ್ತಿರಲಿಲ್ಲ. ಹಿಂಡಿಯ ವ್ಯಾಪಾರಿ ಬಂದು ಕೂಗಿ ಕೂಗಿ, ಮೂಟೆ ಇಳಿಸದೆ ವಾಪಸ್ ಹೋದ. ಚೌಕಾಸಿ ಬೇಲಿಗೆ ಬರುವುದನ್ನು ಬಿಟ್ಟಿದ್ದ. ಬೆಲೆ ಕೇಳದ, ದಿನ ಕೇಳದ ಚೌಕಾಸಿಯನ್ನು ಓಣಿ ಕಂಡದ್ದೇ ಇಲ್ಲ. ಎದುರು ಸಿಕ್ಕವರು ಅವಳನ್ನು ನೋಡಿ ಕಣ್ಣಲ್ಲೇ ನಕ್ಕು ಸರಿದುಹೋಗುತ್ತಿದ್ದರು. ಆ ನಗು ಕಂಡರೆ ಅವಳು ತಲೆ ತಗ್ಗಿಸಿ ಒಳಗೆ ಹೋಗಿಬಿಡುತ್ತಿದ್ದಳು. ಕೇಳಲು ಧೈರ್ಯವಾಗಲಿಲ್ಲ. ಕೇಳಿದರೆ ತಾನೂ ಹೇಳಬೇಕಾಗುತ್ತದೆ.

ತಿಂಗಳು ತುಂಬಿದ ಬೆಳಗ್ಗೆ ಓಣಿಯೆಲ್ಲ ಅವಳ ಬಾಗಿಲಲ್ಲಿ. ಬುಟ್ಟಿಗಳು, ಗೋಣಿಗಳು, ಒಬ್ಬನಂತೂ ಮಗುವಿನ ತೊಟ್ಟಿಲು ಗಾಡಿಯನ್ನೇ ತಂದಿದ್ದ. ಮಗ ಟ್ರ್ಯಾಕ್ಟರು ನಿಲ್ಲಿಸಿ, ಟ್ರಾಲಿಯ ಹಲಗೆ ಇಳಿಸಿ, ತಾಯಿಯ ಕಿವಿಯಲ್ಲಿ ಹೇಳಿದ: "ಹಾಕಿ ಅಂದ್ಬಿಡು, ಸಾಕು. ಮ್ಯಾನೇಜರು ಗೇಟಲ್ಲೇ ನಿಂತಿದ್ದಾರೆ." ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಪದ್ಧತಿಯಂತೆ ಯಾರೋ ಒಂದು ಚಿಟಿಕೆ ಗಸಿ ತಂದು ಅವಳ ಅಂಗೈಗಿಟ್ಟರು. ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಹುಳಿ, ಒಗರು, ಜೋಳದ ಸಿಹಿ. ಮೊದಲ ದಿನದ ಹಾಗೆಯೇ ಇತ್ತು, ಅದಕ್ಕಿಂತ ಚೆನ್ನಾಗಿತ್ತು. ವಿಷವೆಂದು ತಿಳಿದ ಮೇಲೂ ನಾಲಿಗೆ ಬೇಕು ಬೇಕು ಅನ್ನುತ್ತಿತ್ತು. ಇಷ್ಟು ವರ್ಷ ನಂಬಿದ ನಾಲಿಗೆ ಇದೇನಾ ಎಂದು ಅವಳಿಗೆ ಭಯವಾಯಿತು. ಕಣ್ಣು ತೆರೆದಾಗ ಎದುರಿಗೆ ತಮ್ಮ, ಕೈಯಲ್ಲಿ ಬುಟ್ಟಿ, ಅವಳ ಮುಖವನ್ನೇ ನೋಡುತ್ತಿದ್ದ.

ಉಗುಳಿದಳು. "ಬೇಡ" ಅಂದಳು. "ಇದನ್ನ ಯಾರೂ ಹಾಕ್ಬೇಡಿ. ಹೀಗೆ ಬುಟ್ಟಿಗಟ್ಟಲೆ ತಿಂದ ದನಕ್ಕೆ ಕಣ್ಣು ಹೋಗುತ್ತೆ."

ಚೌಕಾಸಿ ಗಹಗಹಿಸಿ ನಕ್ಕ.

"ಗೊತ್ತಿತ್ತು ನಂಗೆ! ಬಾಗಿಲು ಮುಚ್ಚಿದಾಗ್ಲೇ ಅಂದ್ಕೊಂಡೆ. ತಿಂಗಳಿಡೀ ಟ್ರಾಲಿ ಟ್ರಾಲಿ ಇಳಿಸ್ಕೊಂಡು, ಈಗ ನಮ್ಗೆ ಬೇಡ ಅಂತೆ! ಮಗ ಕಾರ್ಖಾನೇಲಿ, ಗಸಿ ಅಮ್ಮನ ಮನೇಲಿ. ನಾವೇನು ಕಿವೀಲಿ ಹೂವಿಟ್ಕೊಂಡಿದ್ದೀವಾ?"

"ಸುಳ್ಳಲ್ಲ ಕಣೋ! ಬಂದು ನೋಡ್ರೋ!" ಅವಳು ಬಾಗಿಲು ದೂಡಿ ತೆರೆದಳು.

ನುಗ್ಗಿ ನೋಡಿದರು. ಮಚ್ಚೆ ನಿಂತಿತ್ತು. ಮೈ ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು, ತೊಡೆ ತುಂಬಿತ್ತು, ಕಣ್ಣು ಫಳಫಳ. ಜನರ ದನಿಗೆ ಕಿವಿ ತಿರುಗಿಸಿ, ಕತ್ತನ್ನು ಎತ್ತಿ ಹಿಡಿದು ರಾಣಿಯ ಹಾಗೆ ನಿಂತಿತ್ತು.

"ಇದಾ ಕುರುಡು?" ರೇಡಿಯೋ ಅಜ್ಜಿ ಬಾಯಿಗೆ ಕೈಯಿಟ್ಟಳು. "ಅಯ್ಯೋ, ಇದ್ರ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ ಕಣೇ. ಹೀಗೇನೇ ಹೊಟ್ಟೆಕಿಚ್ಚು ಪಡೋದು?"

ನಗುತ್ತಾ, ಬೈಯುತ್ತಾ ಎಲ್ಲರೂ ಟ್ರಾಲಿಯ ಕಡೆ ತಿರುಗಿದರು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ದಿನ ಬೆಳಗಾದರೆ ಹಾಲು ಮಾರುವವರಿಗೆ ಹೇಳುವವರು ಯಾರು? ಬುಟ್ಟಿಗಳು ತುಂಬತೊಡಗಿದವು. ಮಗ ತಾಯಿಯನ್ನು ನೋಡದೆ ಸಲಿಕೆಯಿಂದ ಎಳೆದೆಳೆದು ಹಾಕುತ್ತಿದ್ದ. ರುಚಿಯಕ್ಕ "ನಿಲ್ಲಿಸ್ರೋ" ಎಂದು ಕೂಗಿದಳು. ಅವಳು ಕೂಗಿದಷ್ಟೂ ಅವರು ಬಿರುಸಾಗಿ ತುಂಬಿಕೊಂಡರು. ತಮ್ಮನೂ ಬುಟ್ಟಿ ಮುಂದೆ ಒಡ್ಡಿದ.

ಆಗ ಅವಳು ಒಳಗೆ ಹೋಗಿ ಮಚ್ಚೆಯ ಹಗ್ಗ ಬಿಚ್ಚಿದಳು. ಓಣಿಗೆ ತಂದಳು. ಕೊರಳಿನಿಂದ ಹಗ್ಗವನ್ನೇ ತೆಗೆದುಹಾಕಿದಳು. ಕತ್ತು ಸವರಿ, ಕಿವಿಯ ಹತ್ತಿರ ಬಾಯಿಟ್ಟು "ಹೋಗಮ್ಮಾ" ಅಂದಳು. ಬೆನ್ನ ಮೇಲೆ ಒಮ್ಮೆ ತಟ್ಟಿದಳು.

ಅವಳ ದನಿ ಹೋಗು ಅಂದರೆ ಮಚ್ಚೆ ಹೋಗುತ್ತಿತ್ತು. ಎದುರಿಗೆ ಮೆಟ್ಟಿಲಿದ್ದಂತೆ ಕಾಲನ್ನು ಎತ್ತೆತ್ತಿ ಇಡುತ್ತಾ, ತಲೆ ಮೇಲಕ್ಕೆ ಮಾಡಿ, ನೇರವಾಗಿ ನಡೆಯಿತು. ಜನ ಪಕ್ಕಕ್ಕೆ ಸರಿದರು. ಹಸಿ ಗಸಿಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಡಿಗೆ ಬೇಗಬೇಗನಾಯಿತು. ಟ್ರಾಲಿಯ ಹಲಗೆ ಎದೆಯ ಎತ್ತರಕ್ಕೆ ಇಳಿಬಿದ್ದಿತ್ತು, ಅದರ ಕಬ್ಬಿಣದ ಅಂಚು ಬಿಸಿಲಿಗೆ ಹೊಳೆಯುತ್ತಿತ್ತು. ಯಾವ ದನವಾದರೂ ಕಂಡು ನಿಲ್ಲಬೇಕು. "ಅಮ್ಮಾ, ಹಿಡ್ಕೋ! ಹಿಡ್ಕೋ ಅದನ್ನ!" ಎಂದು ಮಗ ಕಿರುಚಿದ. ಅವಳು ಒಂದು ಮಾತು ಅಂದಿದ್ದರೆ, "ಹೋ" ಎಂದಿದ್ದರೆ ಮಚ್ಚೆ ನಿಲ್ಲುತ್ತಿತ್ತು. ಅವಳು ಹಲ್ಲು ಕಚ್ಚಿ ನಿಂತಳು.

ಗುದ್ದಿದ ಸದ್ದಿಗೆ ಟ್ರಾಲಿಯೇ ಅಲುಗಿತು. ಮಚ್ಚೆ ಹಿಂದೆ ಸರಿದು, ಅದೇ ಜಾಗಕ್ಕೆ ಮತ್ತೆ ಗುದ್ದಿತು. ಎದೆಯಿಂದ ರಕ್ತ ಇಳಿಯಿತು. ಮುಂಗಾಲು ಮಡಚಿಕೊಂಡಿತು, ಮೈಯೆಲ್ಲ ಸೆಟೆದು ಅಡ್ಡಬಿತ್ತು. ಕಾಲುಗಳು ಗಾಳಿಯಲ್ಲಿ ಈಜಿದಂತೆ ಆಡುತ್ತಿದ್ದವು. ಬಿದ್ದಲ್ಲೇ ನಾಲಿಗೆ ಚಾಚಿ, ನೆಲಕ್ಕೆ ಚೆಲ್ಲಿದ್ದ ಗಸಿಯನ್ನು ಹುಡುಕುತ್ತಿತ್ತು. ಕಣ್ಣು ಈಗಲೂ ಹೊಳೆಯುತ್ತಿತ್ತು. ರುಚಿಯಕ್ಕ ಓಡಿಹೋಗಿ ಆ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು ಗೊಳೋ ಎಂದು ಅತ್ತಳು.

ಚೌಕಾಸಿ ಬುಟ್ಟಿ ಕೆಳಗಿಟ್ಟ. ಒಬ್ಬೊಬ್ಬರೇ ಬುಟ್ಟಿ ಕೆಳಗಿಟ್ಟರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲರೂ ತಮ್ಮ ತಮ್ಮ ಮನೆಯ ಕಡೆ ನೋಡುತ್ತಿದ್ದರು. ಅವರು ಹಾಗೆ ನೋಡಿದ್ದನ್ನು ಕಂಡೇ ಅವಳಿಗೆ ಅರ್ಥವಾಯಿತು. ಬೆಳಗಿನ ಆ ವಾಸನೆ ಕಾರ್ಖಾನೆಯ ಗಾಳಿಯಾಗಿರಲಿಲ್ಲ.

"ಯಾವಾಗಿಂದ ಕೊಡ್ತಿದ್ದೀಯ?" ಎಂದು ಮಗನನ್ನು ಕೇಳಿದಳು.

ಮಗ ಸಲಿಕೆಗೆ ಒರಗಿ ನಿಂತಿದ್ದ. "ನೀನು ಒಪ್ಪಿದ್ದೀಯ, ತಿಂಗಳು ತುಂಬೋವರೆಗೆ ಗುಟ್ಟಾಗಿರ್ಲಿ ಅಂದಿದ್ದೀಯ ಅಂತ ಹೇಳ್ದೆ. ರಾಶಿ ಕೊಳೀತಿತ್ತಮ್ಮ."

ತಮ್ಮ ಹತ್ತಿರ ಬಂದು ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಮಚ್ಚೆಯ ಕಣ್ಣ ಮುಂದೆ ತನ್ನ ಕೈ ಆಡಿಸಿ ನೋಡಿದ.

"ನಮ್ಮದು ನಿನ್ನೆಯಿಂದ ಗೋಡೆಗೆ ಹಣೆ ಒತ್ಕೊಂಡು ನಿಂತಿದೆ" ಅಂದ. "ಹೊಟ್ಟೆ ತುಂಬಿ ತೂಕಡಿಸ್ತಿದೆ ಅಂದ್ಕೊಂಡೆ. ನನ್ನ ಹೆಂಡ್ತಿ ಹೇಳಿದ್ಲು, ಪಾಪ ಸುಸ್ತಾಗಿದೆ, ಇನ್ನೊಂದು ಬುಟ್ಟಿ ಹಾಕಿ ಅಂತ. ಹಾಕ್ದೆ."

"ಡಾಕ್ಟರಮ್ಮನ್ನ ಕರ್ಸೋ. ಈಗ್ಲೇ ಹೋಗೋ. ಸೂಜಿ ಇದೆ, ಬೇಗ ಚುಚ್ಚಿದ್ರೆ..." ಅವಳ ಮಾತು ಅಲ್ಲೇ ನಿಂತಿತು.

"ನಿಂಗೆ ಸೂಜಿ ವಿಷಯ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಲು ಅವಳಲ್ಲಿ ಇನ್ನು ಏನೂ ಉಳಿದಿರಲಿಲ್ಲ. "ನೀನು ಬಂದು ಬಾಗಿಲಲ್ಲಿ ಕೂತಿದ್ಯಲ್ಲ, ಅದಕ್ಕೂ ಮೊದ್ಲೇ" ಅಂದಳು.

ತಮ್ಮ ಬೈಯಲಿಲ್ಲ, ಕೈ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ತನ್ನ ಮನೆಯ ಕಡೆ ನೋಡಿದ. ಅಲ್ಲಿ ಅವನ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಿಗೆ ಬಂದಿದ್ದಳು, ಇಷ್ಟು ಹೊತ್ತಾದರೂ ಗಸಿ ಯಾಕೆ ಬರಲಿಲ್ಲ ಎಂದು ಇಣುಕಿ ನೋಡುತ್ತಿದ್ದಳು.

"ಆವತ್ತು ನಮ್ಮದಕ್ಕೆ ಕಣ್ಣಿತ್ತಲ್ಲ ಅಕ್ಕಾ" ಅಂದ ಅವನು.